ಟ್ರಿಗರ್ ಕೆಟ್ಟಿದೆ ಅಂತ ತರುತ್ತಾರೆ, ಕೆಟ್ಟಿರುವುದು ಬೇರೇನೋ

ಅಮೆರಿಕದಲ್ಲಿ ಬಂದೂಕು ರಿಪೇರಿ ಮಾಡುವ ಯಾರನ್ನೇ ಕೇಳಿ, ರೂಗರ್ 10/22 ಅವರ ಮೇಜಿಗೆ ಬಾರದೆ ಇರುವುದಿಲ್ಲ. 1964ರಲ್ಲಿ ಬಂದ ಸೆಮಿ ಆಟೊಮ್ಯಾಟಿಕ್ ರೈಫಲ್ ಇದು, ಅಂದರೆ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ, ಮುಂದಿನ ತೋಟಾ ತಾನಾಗಿ ಒಳಗೆ ಬರುತ್ತದೆ. .22 ತೋಟಾ, ಹತ್ತು ಹಿಡಿಯುವ ಪುಟ್ಟ ಮ್ಯಾಗಜೀನ್. ಇಲ್ಲಿರುವ ನಮ್ಮ ಕನ್ನಡದವರೂ ಗುರಿ ಹೊಡೆಯುವ ಹವ್ಯಾಸ ಹತ್ತಿದರೆ ಮೊದಲು ಕೊಳ್ಳುವುದು ಇಂಥದ್ದನ್ನೇ. ಆಮೇಲೆ ಒಂದು ದಿನ ಫೋನ್ ಬರುತ್ತದೆ, "ಅಣ್ಣಾ, ಟ್ರಿಗರ್ ಕೆಟ್ಟಿದೆ."

ಹೊಟ್ಟೆ ನೋವು ಅಂದ ಹಾಗೆ ಅದು. ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು, ಎಳೆದಾಗ ಏನಾಯ್ತು? ಟ್ರಿಗರ್ ಸಡಿಲವಾಗಿ ಜೋತು ಬಿತ್ತಾ, ಅಲ್ಲಾಡದೆ ಕೂತಿತಾ, ಟಕ್ ಅಂತ ಸದ್ದಾಗಿಯೂ ಗುಂಡು ಹಾರಲಿಲ್ವಾ, ಅಥವಾ ಒಂದು ಸಲ ಎಳೆದರೆ ಎರಡು ಹಾರಿತಾ? ಮೊದಲ ಮೂರಕ್ಕೆ ಮನೆಯಲ್ಲೇ ಕಾರಣ ಹುಡುಕಬಹುದು. ನಾಲ್ಕನೆಯದಕ್ಕೆ ಆಗಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಏನೇ ಆಗಿರಲಿ, ರೈಫಲ್ ಖಾಲಿ ಮಾಡದೆ ಕೈ ಹಾಕಬೇಡಿ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳುವ, ಹೊರಗೆ ಎಳೆಯುವ ತುಂಡನ್ನು, ಹಿಂದಕ್ಕೆ ಎಳೆಯಿರಿ. ಇದನ್ನು ತಿರುಗುಮುರುಗು ಮಾಡಿದರೆ ಬೋಲ್ಟ್ ಮುಂದೆ ಹೋಗುವಾಗ ಇನ್ನೊಂದು ತೋಟಾ ಒಳಗೆ ತಳ್ಳಿಬಿಡುತ್ತದೆ, ನೀವು ಖಾಲಿ ಅಂದುಕೊಂಡಿರುತ್ತೀರಿ. ತೋಟಾ ಕೂರುವ ಜಾಗವನ್ನು ಕಣ್ಣಲ್ಲಿ ನೋಡಿದರೆ ಸಾಲದು, ಬೆರಳಲ್ಲೂ ಮುಟ್ಟಿ ನೋಡಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು. ತೋಟಾ ಡಬ್ಬಿ ಪಕ್ಕದ ರೂಮಿನಲ್ಲಿರಲಿ.

ಎಳೆದರೂ ಟ್ರಿಗರ್ ಸುಮ್ನೆ ಜೋತು ಬಿದ್ದಂತೆ ಇದೆಯಾ? ಖಾಲಿ ರೈಫಲ್‌ನ ಸೇಫ್ಟಿ ಗುಂಡಿ, ಅಂದರೆ ಟ್ರಿಗರ್ ಎಳೆಯದಂತೆ ತಡೆಯುವ ಗುಂಡಿ, ಒತ್ತಿ ನೋಡಿ. 10/22ರಲ್ಲಿ ಹ್ಯಾಮರ್, ಅಂದರೆ ನಮ್ಮೂರ ಕೋವಿಯ ಕುದುರೆ, ಹಿಂದಕ್ಕೆ ಏರಿ ಕೂತಿದ್ದರೆ ಮಾತ್ರ ಸೇಫ್ಟಿ ಬೀಳುತ್ತದೆ. ಗುಂಡಿ ಸರಿಯದಿದ್ದರೆ ಹ್ಯಾಮರ್ ಏರಿಲ್ಲ ಅಂತಲೇ ಅರ್ಥ. ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲವೇನೋ, ಇಲ್ಲಾ ಒಳಗೆ ಕೊಳೆ ತುಂಬಿದೆ. ಟ್ರಿಗರ್ ಅಲ್ಲಾಡುತ್ತಲೇ ಇಲ್ಲ ಅನ್ನುವವರ ಸೇಫ್ಟಿ ಅರ್ಧ ಒತ್ತಿಕೊಂಡಿರುವುದೂ ಉಂಟು. ನಗಬೇಡಿ, ಅದಕ್ಕೇ ದೂರದಿಂದ ಕಾರು ಓಡಿಸಿಕೊಂಡು ಬಂದವರಿದ್ದಾರೆ.

ಟಕ್ ಅಂದು ಹಾರದಿದ್ದರೆ ಗಡಿಬಿಡಿ ಬೇಡ. ನಳಿಗೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷವಾದರೂ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಆಮೇಲೆ ತೋಟಾ ಹೊರತೆಗೆದು ಹಿಂಬದಿ ನೋಡಿ. .22ರಲ್ಲಿ ಕಿಡಿ ಹುಟ್ಟಿಸುವ ಮದ್ದು ಇರುವುದು ಅಂಚಿನ ಸುತ್ತ. ಅಂಚಿನಲ್ಲಿ ಗಟ್ಟಿ ಗುರುತು ಬಿದ್ದಿದ್ದರೆ ತಪ್ಪು ತೋಟಾದ್ದು, ಆ ಜಾಗದಲ್ಲಿ ಮದ್ದು ಸರಿಯಾಗಿ ಕೂತಿಲ್ಲ. ಗುರುತು ಮಸುಕಾಗಿದ್ದರೆ ಆ ಅಂಚಿಗೆ ಬಡಿಯುವ ಫೈರಿಂಗ್ ಪಿನ್ನಿನ ದಾರಿಯಲ್ಲಿ ಕೊಳೆ, ಅಥವಾ ಹ್ಯಾಮರ್ ಸ್ಪ್ರಿಂಗ್ ಸೋತಿದೆ. ಎರಡರಲ್ಲೂ ಟ್ರಿಗರ್ ತನ್ನ ಕೆಲಸ ಮಾಡಿ ಮುಗಿಸಿದೆ, ಅಲ್ವಾ?

ಈ .22 ತೋಟಾದಷ್ಟು ಗಲೀಜು ಇನ್ನೊಂದಿಲ್ಲ. ಮೇಣ, ಸೀಸದ ಪುಡಿ, ಸುಡದೆ ಉಳಿದ ಮದ್ದು ಎಲ್ಲ ಬೋಲ್ಟಿನ ಹಿಂದಿನಿಂದ ಟ್ರಿಗರ್ ಪೆಟ್ಟಿಗೆಯೊಳಗೇ ಇಳಿಯುತ್ತದೆ. ಸ್ಟಾಕ್, ಅಂದರೆ ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತಿಕೊಳ್ಳುವ ಭಾಗ, ಬಿಚ್ಚಿ ಎರಡು ಅಡ್ಡ ಪಿನ್ನು ತಳ್ಳಿದರೆ ಆ ಪೆಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಪಿನ್ನುಗಳು ಸಡಿಲವೇ ಇರುತ್ತವೆ, ಕೆಳಗೊಂದು ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಸೋಫಾ ಕೆಳಗೆ ಹುಡುಕಬೇಕಾಗುತ್ತದೆ. ಪೆಟ್ಟಿಗೆ ಹೊರಗಿರುವಾಗ ಟ್ರಿಗರ್ ಎಳೆಯಬೇಡಿ, ಹ್ಯಾಮರ್ ತಡೆಯಿಲ್ಲದೆ ಹೋಗಿ ಪೆಟ್ಟಿಗೆಗೇ ಬಡಿಯುತ್ತದೆ. ಈಚೆಗೆ ಒಂದನ್ನು ಬಿಚ್ಚಿದಾಗ ಟ್ರಿಗರ್ ಹಿಂದಿನ ಸಣ್ಣ ಸ್ಪ್ರಿಂಗ್ ಕಾಣಲೇ ಇಲ್ಲ, ಕಪ್ಪು ಅಂಟಿನಲ್ಲಿ ಮುಳುಗಿತ್ತು. ಮಾಲೀಕರು ಪ್ರತಿ ಸಲ ಎಣ್ಣೆ ಸ್ಪ್ರೇ ಹೊಡೆದೇ ಎತ್ತಿಡುತ್ತಿದ್ದರಂತೆ. ಆ ಎಣ್ಣೆಯೇ ಕೊಳೆಯನ್ನು ಹಿಡಿದಿಟ್ಟು ಅಂಟು ಮಾಡಿತ್ತು. ತೊಳೆದು ಒಣಗಿಸಿ, ಪಿನ್ನುಗಳ ಹತ್ತಿರ ಒಂದೊಂದು ಹನಿ ಎಣ್ಣೆ ಬಿಟ್ಟೆ. ಟ್ರಿಗರ್ ತಾನಾಗಿ ಮುಂದಕ್ಕೆ ಬಂತು. ಬಿಡಿಭಾಗ ಒಂದೂ ಬದಲಿಸಲಿಲ್ಲ.

ಇನ್ನೊಂದು ಗುಂಪು ಇದೆ, ಆನ್‌ಲೈನಿನಲ್ಲಿ ಹಗುರ ಟ್ರಿಗರ್ ತರಿಸಿ ತಾವೇ ಹಾಕಿಕೊಂಡವರು. ಇಂಥ ಟ್ರಿಗರ್‌ಗಳಲ್ಲಿ ಅದು ಎಷ್ಟು ಹಿಂದಕ್ಕೆ ಹೋಗಬೇಕು ಅಂತ ನಿಲ್ಲಿಸುವ ಪುಟ್ಟ ಸ್ಕ್ರೂ ಇರುವುದುಂಟು. ಅದು ಅತಿಯಾಗಿ ಒಳಗೆ ಹೋಗಿದ್ದರೆ ಟ್ರಿಗರ್ ಸಾಕಷ್ಟು ಹಿಂದೆ ಹೋಗುವುದಿಲ್ಲ, ಹ್ಯಾಮರ್ ಬಿಡುಗಡೆಯಾಗುವುದಿಲ್ಲ. ಹೊಡೆತದ ಅದುರಿಗೆ ಸ್ಕ್ರೂ ತಾನೇ ತಿರುಗಿಕೊಳ್ಳುವುದೂ ಇದೆ. ಹೊಸ ಸ್ಟಾಕ್ ಹಾಕಿಸಿದ್ದರೆ ಅದನ್ನೂ ಅನುಮಾನಿಸಿ. ಸ್ಟಾಕ್ ಬಿಚ್ಚಿದಾಗ ಚೆನ್ನಾಗಿ ಆಡುವ ಟ್ರಿಗರ್ ಹಾಕಿದ ಕೂಡಲೇ ಹಿಡಿದುಕೊಂಡರೆ, ಉಜ್ಜುತ್ತಿರುವುದು ಸ್ಟಾಕೇ.

ಈಗ ನಾಲ್ಕನೆಯದು. ನಮ್ಮ ಕೊಡಗಿನ ಜೋಡುನಳಿಗೆ ಕೋವಿಯಲ್ಲಿ ಒಂದೊಂದು ಈಡಿಗೂ ಒಂದೊಂದು ಟ್ರಿಗರ್ ಇರುವುದರಿಂದ ಈ ತಲೆನೋವೇ ಇಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಡಿಸ್‌ಕನೆಕ್ಟರ್ ಅನ್ನುವ ತುಂಡಿದೆ. ನೀವು ಬೆರಳು ಬಿಡುವವರೆಗೆ ಮುಂದಿನ ಗುಂಡು ಹಾರದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಖಾಲಿ ರೈಫಲ್‌ನಲ್ಲಿ ಪರೀಕ್ಷೆ ಸುಲಭ. ಟ್ರಿಗರ್ ಎಳೆದು ಹಾಗೇ ಹಿಡಿದಿರಿ, ಬೋಲ್ಟ್ ಒಮ್ಮೆ ಎಳೆದು ಬಿಡಿ. ಹ್ಯಾಮರ್ ಬೀಳಬಾರದು. ಬೆರಳು ಮೆಲ್ಲಗೆ ಸಡಿಲಿಸಿದಾಗ ಸಣ್ಣ ಸದ್ದು ಬರಬೇಕು, ಮತ್ತೆ ಎಳೆದಾಗಲೇ ಬೀಳಬೇಕು. ಬೇರೇನಾದರೂ ಆದರೆ, ಅಥವಾ ರೇಂಜಿನಲ್ಲಿ ಒಮ್ಮೆಯಾದರೂ ಎರಡು ಹಾರಿದ್ದರೆ, ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ. ಅರ ಹಿಡಿದು ಒಳಗಿನ ಭಾಗಗಳನ್ನು ಉಜ್ಜಲು ಕೂರಬೇಡಿ.

ಅಪಾಯ ಒಂದು ಕಡೆ, ಕಾನೂನು ಇನ್ನೊಂದು ಕಡೆ. ಅಮೆರಿಕದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಒಮ್ಮೆ ಟ್ರಿಗರ್ ಎಳೆದರೆ ಒಂದಕ್ಕಿಂತ ಜಾಸ್ತಿ ಹಾರುವುದು ಮಷೀನ್ ಗನ್. ಸ್ಟೇಪಲ್ಸ್ ಮೊಕದ್ದಮೆಯಲ್ಲಿ ಆರೋಪಿ, ತನ್ನ ರೈಫಲ್ ಹಾಗೆ ಹಾರುತ್ತದೆ ಅಂತ ತನಗೆ ಗೊತ್ತೇ ಇರಲಿಲ್ಲ ಅಂದಿದ್ದ. ಅದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಆದರೆ ಎರಡೆರಡು ಹಾರುತ್ತದೆ ಅಂತ ಗೊತ್ತಾದ ಮೇಲೂ ಹೊಡೆಯುತ್ತಲೇ ಇದ್ದರೆ ಆ ಮಾತು ನಿಮ್ಮ ಕೈ ಹಿಡಿಯುವುದಿಲ್ಲ.

ಮತ್ತೆ ಜೋಡಿಸುವಾಗ ಹ್ಯಾಮರ್ ಏರಿಸಿಕೊಂಡು, ಸೇಫ್ಟಿ ಗುಂಡಿಯನ್ನು ಸರಿಯಾಗಿ ನಡುವೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ರೈಫಲ್ ಸ್ಟಾಕಿನೊಳಗೆ ಇಳಿಯುವುದಿಲ್ಲ, ಬಲ ಹಾಕಿದರೆ ಮರ ಸೀಳುತ್ತದೆ. ಕೂತ ಮೇಲೆ ಖಾಲಿ ಪರೀಕ್ಷೆ ಇನ್ನೊಮ್ಮೆ. ರೇಂಜಿಗೆ ಹೋದಾಗ ಮೊದಲು ಒಂದೇ ತೋಟಾ ಹಾಕಿ, ಆಮೇಲೆ ಎರಡು. ಎರಡೂ ಬೇರೆ ಬೇರೆಯಾಗಿ ಹಾರಿದರೆ ಮಾತ್ರ ಮ್ಯಾಗಜೀನ್ ತುಂಬಿ.