ಕೇಬಲ್ ಹಾಕೋ ಮೊದಲು ಗುದ್ದಲಿ ಹಿಡಿಯುವವರನ್ನು ಕೇಳಿ

ತೀರ್ಥಹಳ್ಳಿ ಹತ್ತಿರದ ಒಂದು ಅಡಿಕೆ ತೋಟ. ಜುಲೈ ತಿಂಗಳು. ಮಣ್ಣಿನ ತೇವ ಅಳೆಯುವ ಆರು ಸೆನ್ಸರ್‌ಗಳಲ್ಲಿ ಮೂರು ಗಳಿಗೆಗೊಂದು ಲೆಕ್ಕ ಕೊಡುತ್ತಿದ್ದವು. ಬಸಿಗಾಲುವೆ ಪಕ್ಕದಲ್ಲಿ ನಾನೇ ಟೇಪ್ ಸುತ್ತಿ ಹೂತಿದ್ದ ಜಾಯಿಂಟ್ ಅಗೆದು ತೆಗೆದೆ. ಕೇಬಲ್ ಸಿಪ್ಪೆ ಸುಲಿದರೆ, ತಾಮ್ರದ ಎಳೆಗಳು ಒಂದು ಗೇಣು ಉದ್ದಕ್ಕೂ ಕಪ್ಪಾಗಿ ಕಿಲುಬು ಹಿಡಿದಿದ್ದವು. ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಗಳ ಸಂದಿಯಲ್ಲಿ ನೀರು ಏರಿತ್ತು. ಸೆನ್ಸರ್ ಮೂರೂ ಚೆನ್ನಾಗಿಯೇ ಇದ್ದವು.

ಅವತ್ತಿನಿಂದ ಕೇಬಲ್ ದಾರಿಯನ್ನು ಮಳೆಯಲ್ಲೇ ನಡೆದು ನೋಡುತ್ತೇನೆ. ಯಜಮಾನರ ಜೊತೆ ತೋಟದ ಕೆಲಸದವರೂ ಬರಬೇಕು. ನೀರು ಎಲ್ಲಿ ನಿಲ್ಲುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪೈಪ್ ಎಲ್ಲಿ ಎಳೆಯುತ್ತಾರೆ, ಹೊಸ ಸಸಿಗೆ ಗುಂಡಿ ಎಲ್ಲಿ ತೆಗೆಯುತ್ತಾರೆ, ಎಲ್ಲ ಅವರಿಗೆ ಗೊತ್ತು. "ಇಲ್ಲಿ ಬೇಡ ಸಾರ್, ಮಳೆ ಹಿಡಿಯೋ ಮುಂಚೆ ಪ್ರತಿ ವರ್ಷ ಈ ಬದೀನೇ ಕೆತ್ತೋದು" ಅಂತ ಒಬ್ಬರು ಹೇಳಿದ ಮೇಲೆ ಇಡೀ ಸಾಲನ್ನೇ ಬದಲಿಸಿದ್ದೇನೆ. ಇಪ್ಪತ್ತು ಮೀಟರ್ ಕೇಬಲ್ ಜಾಸ್ತಿ ಹಿಡಿಯಿತು. ಹಿಡಿಯಲಿ.

ಮರದಿಂದ ಮರಕ್ಕೆ ಕಟ್ಟುವುದು ಅಗ್ಗ, ಆದರೆ ಒಂದು ಸೋಗೆ ಬಿದ್ದರೆ ಸಾಕು, ಹರಿಯುತ್ತದೆ. ಒಂದೂವರೆ ಅಡಿ ಆಳದಲ್ಲಿ, ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ. ಪೈಪಿನೊಳಗೆ ನೀರು ಹೋಗದ ಹಾಗೆ ಮಾಡಲು ಒದ್ದಾಡಬೇಡಿ, ನಮ್ಮ ಮಳೆಗೆ ಅದು ಹೋಗೇ ಹೋಗುತ್ತದೆ. ತಗ್ಗಿನ ತುದಿಗೆ ಜಾಲರಿ ಕಟ್ಟಿ ತೆರೆದಿಡಿ, ಹರಿದು ಹೋಗಲಿ. ಜಾಯಿಂಟ್ ಮಾತ್ರ ನೆಲದೊಳಗೆ ಬೇಡವೇ ಬೇಡ. ಕಂಬದ ಮೇಲಿನ ಪೆಟ್ಟಿಗೆಯಲ್ಲಿರಲಿ, ಕೇಬಲ್ ಅದಕ್ಕೆ ಅಡಿಯಿಂದ ಹೋಗಲಿ.

ಇನ್ನು ದೂರದ ಮಾತು. ಸೆನ್ಸರ್ ತನ್ನ ಲೆಕ್ಕವನ್ನು ತಂತಿಯಲ್ಲಿ ಕಳಿಸುವ ಪದ್ಧತಿಗಳು ಬೇರೆ ಬೇರೆ. ಎಸ್‌ಡಿಐ-12 ಅನ್ನುವ ಪದ್ಧತಿಯ ಸೆನ್ಸರ್‌ಗೆ ಕೇಬಲ್ ಉದ್ದ ಸುಮಾರು 60 ಮೀಟರ್ ಮಿತಿ. ಮನೆ ದಿಬ್ಬದ ಮೇಲೆ, ತೋಟ ಕಣಿವೆಯಲ್ಲಿ ಇರುವ ನಮಗೆ ಅದು ಎಲ್ಲಿ ಸಾಲುತ್ತದೆ? ಆರ್‌ಎಸ್-485 ಅನ್ನುವ ಇನ್ನೊಂದು ಪದ್ಧತಿ ಆದರೆ ಕಡಿಮೆ ವೇಗದಲ್ಲಿ 1200 ಮೀಟರ್ ತನಕ ಹೋಗುತ್ತದೆ. ಆದರೆ ಕವಲು ಒಡೆಯಬಾರದು, ಮಾಲೆ ಪೋಣಿಸಿದ ಹಾಗೆ ಒಂದೇ ಸಾಲು, ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಕರೆಂಟನ್ನೂ ಲೆಕ್ಕ ಹಾಕಿ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿ 150 ಮೀಟರ್ ಹೋದರೆ ಹೋಗಿ ಬರುವ ದಾರಿ 300 ಮೀಟರ್, ಸುಮಾರು 11 ಓಮ್. 100 ಮಿಲಿಆಂಪಿಯರ್ ಎಳೆದರೆ ಒಂದು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಮೋಟಾರ್ ಲೈನನ್ನು ದಾಟಬೇಕಾದರೆ ಅಡ್ಡಲಾಗಿ ದಾಟಿಸಿ, ಜೊತೆಜೊತೆಗೆ ಎಳೆಯಬೇಡಿ. ಏಪ್ರಿಲ್, ಮೇ ಗುಡುಗು ಸಿಡಿಲಿಗೆ, ತಂತಿಗೆ ನುಗ್ಗುವ ಜಾಸ್ತಿ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್, ಒಳ್ಳೆ ಅರ್ತಿಂಗ್ ಬೇಕೇ ಬೇಕು.

ಸೆನ್ಸರ್ ಹತ್ತಿರ ಕೇಬಲನ್ನು ನೇರವಾಗಿ ಇಳಿಸಬೇಡಿ. ಮೊದಲು ಸೆನ್ಸರ್‌ಗಿಂತ ತಗ್ಗಿಗೆ ಒಯ್ದು ಆಮೇಲೆ ಮೇಲೆ ತನ್ನಿ. ಇಲ್ಲದಿದ್ದರೆ ಕೇಬಲ್ ಹಿಡಿದು ಇಳಿದ ನೀರು ಸೆನ್ಸರ್ ಬುಡಕ್ಕೆ ಸೇರುತ್ತದೆ. ಸುತ್ತಲ ಮಣ್ಣು ಒಣಗಿದ್ದರೂ ಒದ್ದೆ ಅಂತಲೇ ತೋರಿಸುತ್ತದೆ.

ಗುಂಡಿ ಮುಚ್ಚುವ ಮೊದಲು ಯಾವ ಮರದಿಂದ ಎಷ್ಟು ಅಡಿ ಅಂತ ಬರೆದು ಪಂಪ್‌ಹೌಸ್ ಬಾಗಿಲ ಹಿಂದೆ ಅಂಟಿಸುತ್ತೇನೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಗುದ್ದಲಿ, ಹಾರೆ ಇಡುವುದೂ ಅಲ್ಲೇ ಅಲ್ವಾ.