ಆಟಿಸಂ ಇರೋರ ದೇಹದ ಆರೋಗ್ಯ: ಜೊತೆಗೆ ಓದೋರಿಗೆ ನೋಟ್ಸ್

ಆಟಿಸಂ ಚಾಪ್ಟರ್ ಅಂದ್ರೆ ನಾವೆಲ್ಲ ಮಾತು, ಬೇರೆಯವರ ಜೊತೆ ಬೆರೆಯೋದು, ಮಾಡಿದ್ದನ್ನೇ ಮಾಡೋದು, ಸೆನ್ಸರಿ ತೊಂದರೆ (ಸದ್ದು, ಬೆಳಕು, ಸ್ಪರ್ಶ ಇವು ಅತಿಯಾಗಿಯೋ ಕಡಿಮೆಯಾಗಿಯೋ ಅನ್ನಿಸೋದು) ಇಷ್ಟು ಓದಿ ಮುಂದೆ ಹೋಗ್ಬಿಡ್ತೀವಿ, ದೇಹದ ವಿಷಯ ಎಲ್ಲೋ ಕೊನೇಲಿ ಎರಡು ಸಾಲು. ನನಗೇನೋ ಇದೇ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ, ಯಾಕಂದ್ರೆ ಮಗು ತಲೆ ಚಚ್ಕೊಳ್ತಿದೆ ಅಂದ ತಕ್ಷಣ "ಆಟಿಸಂ ಇದ್ಯಲ್ಲ, ಅದಕ್ಕೇ" ಅಂತ ಬರೆದು ಫೈಲ್ ಮುಚ್ಚಿದ್ರೆ ಆ ಮಗುಗೆ ಇರೋ ಕಿವಿನೋವು ಹಾಗೇ ಉಳ್ಕೊಳ್ಳುತ್ತೆ. ಇದಕ್ಕೆ ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್ ಅಂತಾರೆ, ಅಂದ್ರೆ ಮೊದಲೇ ಇರೋ ಒಂದು ಡಯಾಗ್ನೋಸಿಸ್ ಮರೆಯಲ್ಲಿ ಬೇರೆ ಕಾಯಿಲೆ ಕಾಣದೇ ಹೋಗೋದು.

ಆಟಿಸಂ ಯಾಕೆ ಬರುತ್ತೆ ಅನ್ನೋ ಕಾರಣಗಳನ್ನ ಮೊದಲು ಬೇಗ ನೋಡ್ಬಿಡೋಣ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರೋ 11 ಮಕ್ಕಳ ಬಗ್ಗೆ ಬರೆದಾಗ್ಲೇ ಊಟದ ತೊಂದರೆ, ಕೆಲವರ ತಲೆ ದೊಡ್ಡದಿರೋದು ಎಲ್ಲಾ ಗಮನಿಸಿದ್ರು. ಆದ್ರೂ ಆಮೇಲೆ ಎಷ್ಟೋ ವರ್ಷ ತಾಯಿ ಪ್ರೀತಿ ತೋರಿಸದೇ ಇರೋದ್ರಿಂದ ಹೀಗಾಗುತ್ತೆ ಅಂತ ತಾಯಂದಿರ ಮೇಲೇ ಹಾಕಿದ್ರು, ಎಂಥ ಅನ್ಯಾಯ ನೋಡಿ. 1977ರಲ್ಲಿ ಫೋಲ್‌ಸ್ಟೈನ್ ಮತ್ತೆ ರಟ್ಟರ್ ಅನ್ನೋ ಸಂಶೋಧಕರು ಅವಳಿಗಳನ್ನ ಸ್ಟಡಿ ಮಾಡಿದ್ರು: ತದ್ರೂಪಿ ಅವಳಿಗಳ 11 ಜೋಡೀಲಿ 4 ಜೋಡೀಲಿ ಇಬ್ರಿಗೂ ಆಟಿಸಂ ಇತ್ತು, ತದ್ರೂಪಿ ಅಲ್ಲದ 10 ಜೋಡೀಲಿ ಒಂದರಲ್ಲೂ ಹಾಗಿರ್ಲಿಲ್ಲ. ಜೀನ್ ಪಾತ್ರ ದೊಡ್ಡದು ಅಂತ ಅಲ್ಲಿಂದ ಗೊತ್ತಾಗ್ತಾ ಬಂತು. 2019ರಲ್ಲಿ ಐದು ದೇಶಗಳ ಮಾಹಿತಿ ಸೇರಿಸಿ ಮಾಡಿದ ಸ್ಟಡೀಲಿ ಆನುವಂಶಿಕತೆ ಸುಮಾರು 80% ಅಂತ ಬಂತು. ಇಲ್ಲಿ ತುಂಬ ಜನ ಎಡವ್ತಾರೆ: ಒಬ್ಬ ವ್ಯಕ್ತಿಯ ಆಟಿಸಂನಲ್ಲಿ 80 ಭಾಗ ಜೀನ್‌ದು ಅಂತ ಅರ್ಥ ಅಲ್ಲ, ಒಂದು ಜನಸಮೂಹದಲ್ಲಿ ಜನರ ಮಧ್ಯೆ ಇರೋ ವ್ಯತ್ಯಾಸದಲ್ಲಿ ಅಷ್ಟು ಭಾಗ ಜೀನ್‌ಗಳ ವ್ಯತ್ಯಾಸದಿಂದ ಅಂತ. ಫ್ರಜೈಲ್ ಎಕ್ಸ್, ಟ್ಯೂಬರಸ್ ಸ್ಕ್ಲೆರೋಸಿಸ್ ಥರ ಒಂದೇ ಜೀನ್‌ನಿಂದ ಬರೋ ಕೇಸ್‌ಗಳು ಕಡಿಮೆ. ಗರ್ಭಿಣಿ ಇದ್ದಾಗ ತಾಯಿ ವಾಲ್ಪ್ರೊಯೇಟ್ (ಫಿಟ್ಸ್‌ಗೆ ಕೊಡೋ ಒಂದು ಔಷಧಿ) ತಗೊಂಡಿದ್ರೆ, ಮಗು ತುಂಬ ಬೇಗ ಹುಟ್ಟಿದ್ರೆ, ತಂದೆತಾಯಿ ವಯಸ್ಸು ಹೆಚ್ಚಿದ್ರೆ ರಿಸ್ಕ್ ಏರುತ್ತೆ. ಲಸಿಕೆ ಕಾರಣ ಅಲ್ಲ, ಹಾಗಂತ ಗುಲ್ಲೆಬ್ಬಿಸಿದ 1998ರ ಪೇಪರನ್ನ 2010ರಲ್ಲಿ ವಾಪಸ್ ತಗೊಂಡ್ರು.

ಈಗ ಫಿಟ್ಸ್. ಸಾಮಾನ್ಯ ಜನರಿಗಿಂತ ಆಟಿಸಂ ಇರೋರಲ್ಲಿ ಎಪಿಲೆಪ್ಸಿ (ಪದೇ ಪದೇ ಫಿಟ್ಸ್ ಬರೋ ಕಾಯಿಲೆ) ಎಷ್ಟೋ ಜಾಸ್ತಿ, ಬೌದ್ಧಿಕ ಅಂಗವೈಕಲ್ಯನೂ ಇದ್ರೆ ಇನ್ನೂ ಜಾಸ್ತಿ. ಚಿಕ್ಕ ವಯಸ್ಸಲ್ಲಿ ಒಮ್ಮೆ, ಹದಿಹರೆಯದಲ್ಲಿ ಇನ್ನೊಮ್ಮೆ ಶುರುವಾಗೋ ಸಾಧ್ಯತೆ ಹೆಚ್ಚು, ಹಾಗಾಗಿ ಐದು ವರ್ಷಕ್ಕೆ ಇರ್ಲಿಲ್ಲ ಅಂತ ಹದಿನಾಲ್ಕಕ್ಕೆ ನಿಶ್ಚಿಂತೆಯಿಂದ ಇರೋಕಾಗಲ್ಲ. ಎಲ್ಲಾ ಫಿಟ್ಸೂ ಬಿದ್ದು ಒದ್ದಾಡೋದಲ್ಲ. ಕೆಲವು ಸೆಕೆಂಡ್ ಸುಮ್ನೆ ಶೂನ್ಯ ನೋಡೋದು, ತುಟಿ ಚಪ್ಪರಿಸೋದು ಇಷ್ಟೇ ಇರಬಹುದು, ಅದನ್ನ "ತನ್ನ ಲೋಕದಲ್ಲಿದ್ದಾನೆ" ಅಂತ ಬಿಟ್ಬಿಡ್ತಾರೆ. ಮೈ ಮುಟ್ಟಿ ಕರೆದ್ರೂ ಎಚ್ಚೆತ್ತುಕೊಳ್ಳದೇ ಇದ್ರೆ, ಪದೇ ಪದೇ ಹಾಗಾಗ್ತಿದ್ರೆ ವಿಡಿಯೋ ಮಾಡಿ ಡಾಕ್ಟ್ರಿಗೆ ತೋರಿಸ್ಬೇಕು, ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡೋ ಪರೀಕ್ಷೆ) ಬೇಕಾಗಬಹುದು.

ಹೊಟ್ಟೆ ವಿಷಯ ಇನ್ನೂ ಗೋಜಲು. ಮಲಬದ್ಧತೆ, ಭೇದಿ, ಹೊಟ್ಟೆನೋವು ಇವ್ರಲ್ಲಿ ಸಾಮಾನ್ಯ. ಮೂರ್ನಾಲ್ಕು ಪದಾರ್ಥ ಬಿಟ್ಟು ಬೇರೇನೂ ತಿನ್ನಲ್ಲ, ನಾರು ಹೋಗಲ್ಲ, ಟಾಯ್ಲೆಟ್ಟಿನ ಸದ್ದು ವಾಸನೆ ಆಗಲ್ಲ ಅಂತ ತಡ್ಕೊಳ್ತಾರೆ, ಜೊತೆಗೆ ಆತಂಕ. ಕರುಳಿನ ಬ್ಯಾಕ್ಟೀರಿಯಾದಿಂದಲೇ ಆಟಿಸಂ ಬರುತ್ತೆ ಅನ್ನೋ ಮಾತು ತುಂಬ ಓಡಾಡುತ್ತಲ್ಲ, 2021ರ ಆಸ್ಟ್ರೇಲಿಯಾ ಸ್ಟಡಿ ಒಂದು ಅದನ್ನ ತಿರುಗಿಸಿ ಹೇಳ್ತು: ಆಯ್ದು ಆಯ್ದು ತಿನ್ನೋದ್ರಿಂದ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾಗಿರೋ ಸಾಧ್ಯತೆ ಹೆಚ್ಚು ಅಂತ. ಗ್ಲೂಟನ್ (ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನ್) ಬಿಡಿಸಿ ಹಾಲು ಬಿಡಿಸಿದ್ರೆ ಆಟಿಸಂ ಲಕ್ಷಣ ಕಡಿಮೆಯಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಮೊದಲೇ ಕಡಿಮೆ ತಿನ್ನೋ ಮಗುಗೆ ಪೌಷ್ಟಿಕಾಂಶ ಇನ್ನೂ ಕಡಿಮೆಯಾಗೋ ಅಪಾಯ ಮಾತ್ರ ಇದೆ.

ನಿದ್ದೆ ತೊಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇರುತ್ತೆ. ನಿದ್ದೆ ಕೆಟ್ರೆ ಮಾರನೇ ದಿನ ಸಿಟ್ಟು ಜಾಸ್ತಿ, ಗಮನ ಕಡಿಮೆ ಆಗುತ್ತೆ.

ಇನ್ನೊಂದು, ಇಂಟರೋಸೆಪ್ಷನ್. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ನೋವು ಇವನ್ನ ಒಳಗಿಂದ ಗುರುತಿಸೋದು ಕೆಲವರಿಗೆ ಕಷ್ಟ. ನೋವೇ ಆಗಲ್ಲ ಅಂತ ತಿಳ್ಕೊಳ್ಳೋದು ತಪ್ಪು, ನೋವಿದೆ, ನಮಗೆ ಅಭ್ಯಾಸ ಇರೋ ರೀತೀಲಿ ಮುಖದಲ್ಲಿ ಕಾಣಲ್ಲ ಅಷ್ಟೇ.

ಸ್ವೀಡನ್‌ನಲ್ಲಿ 2016ರಲ್ಲಿ ಬಂದ ದೊಡ್ಡ ಸ್ಟಡೀಲಿ, ತೀರಿಹೋದವರನ್ನ ಹೋಲಿಸಿದಾಗ ಆಟಿಸಂ ಇದ್ದವರು ಸರಾಸರಿ 16 ವರ್ಷ ಮುಂಚೆ ತೀರಿಕೊಂಡಿದ್ರು. ಬೌದ್ಧಿಕ ಅಂಗವೈಕಲ್ಯ ಇದ್ದವರಲ್ಲಿ ಎಪಿಲೆಪ್ಸಿ, ಇಲ್ಲದವರಲ್ಲಿ ಆತ್ಮಹತ್ಯೆ ದೊಡ್ಡ ಕಾರಣಗಳು. ಇದನ್ನ ಓದಿ ನನಗೆ ತುಂಬ ಹೊತ್ತು ಬೇರೇನೂ ಓದೋಕಾಗ್ಲಿಲ್ಲ.

ಕೇಸ್ ಸ್ಟಡಿ ಪ್ರಶ್ನೇಲಿ "ವರ್ತನೆ ಇದ್ದಕ್ಕಿದ್ದಂತೆ ಬದಲಾಗಿದೆ" ಅಂತ ಬಂದ್ರೆ ಬಿಹೇವಿಯರ್ ಪ್ಲಾನ್‌ಗೆ (ವರ್ತನೆ ತಿದ್ದೋ ಯೋಜನೆಗೆ) ಹಾರೋ ಮುಂಚೆ ಹಲ್ಲು, ಕಿವಿ, ಹೊಟ್ಟೆ, ನಿದ್ದೆ, ಫಿಟ್ಸ್, ಹುಡುಗಿ ಆದ್ರೆ ಮುಟ್ಟಿನ ನೋವು, ಹೊಸ ಮಾತ್ರೆ ಶುರುವಾಗಿದ್ಯಾ ಇಷ್ಟನ್ನ ಬರೀರಿ. ಸಿಟ್ಟು, ಕಿರಿಕಿರಿ ತಗ್ಗಿಸೋಕೆ ರಿಸ್ಪೆರಿಡೋನ್ ಅನ್ನೋ ಮಾತ್ರೆ ಕೊಟ್ಟಿದ್ರೆ ತೂಕ ಮತ್ತೆ ಸಕ್ಕರೆ ಪ್ರಮಾಣ ಆಗಾಗ ನೋಡ್ತಿರ್ಬೇಕು ಅನ್ನೋದನ್ನೂ ಸೇರಿಸಿ.