ನಿದ್ರೆಯ ಒತ್ತಡ ಎಲ್ಲಿ ಕೂಡಿಕೊಳ್ಳುತ್ತದೆ? ಗೆರೊ ಮೀಸೆನ್‌ಬೋಕ್ ಅವರ ಹಣ್ಣುನೊಣಗಳ ಅಧ್ಯಯನ

ನೊಣಕ್ಕೆ ರೆಪ್ಪೆಗಳಿಲ್ಲ. ಹಾಗಿದ್ದರೆ ಅದು ಮಲಗಿದೆ ಎಂದು ಗೊತ್ತಾಗುವುದು ಹೇಗೆ? ಸುಮಾರು 5 ಮಿಲಿಮೀಟರ್ ಅಗಲದ ಗಾಜಿನ ಕೊಳವೆಗಳಲ್ಲಿ ಒಂದೊಂದೇ ನೊಣವನ್ನು ಬಿಡುತ್ತಾರೆ. ಒಂದು ತುದಿಯಲ್ಲಿ ಆಹಾರ, ಇನ್ನೊಂದು ತುದಿಗೆ ಮುಚ್ಚಳ, ನಡುವೆ ಅಡ್ಡಲಾಗಿ ಒಂದು ಅವಗೆಂಪು ಕಿರಣ. ನೊಣ ಓಡಾಡಿ ಕಿರಣಕ್ಕೆ ಅಡ್ಡ ಬಂದಾಗಲೆಲ್ಲ ಯಂತ್ರ ಎಣಿಸಿಕೊಳ್ಳುತ್ತದೆ. 5 ನಿಮಿಷವಾದರೂ ಅಡ್ಡ ಬರಲಿಲ್ಲವೆಂದರೆ ನಿದ್ರೆ ಎಂದು ಲೆಕ್ಕ.

ಸುಮ್ಮನೆ ಕೂತದ್ದನ್ನೂ ನಿದ್ರೆ ಎಂದುಬಿಟ್ಟರೆ ಹೇಗೆ ಎಂಬ ಅನುಮಾನ ಸಹಜ. 2000ನೇ ಇಸವಿಯಲ್ಲಿ ಅಮೆರಿಕದ ಎರಡು ತಂಡಗಳು ಇದಕ್ಕೆ ಉತ್ತರ ಕೊಟ್ಟವು. ಆ ಸ್ಥಿತಿಯಲ್ಲಿರುವ ನೊಣ ಸಣ್ಣ ಅಲುಗಾಟಕ್ಕೆ ಎಚ್ಚರಗೊಳ್ಳುವುದಿಲ್ಲ. ಕೆಫೀನ್ ಕೊಟ್ಟರೆ ನಿದ್ರೆ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಮಲಗಲು ಬಿಡದಿದ್ದರೆ ಮರುದಿನ ಆ ಬಾಕಿಯನ್ನು ತೀರಿಸಿಕೊಳ್ಳುತ್ತದೆ. ಬಾಕಿ ತೀರಿಸುತ್ತದೆ ಎಂದ ಮೇಲೆ ಆ ಬಾಕಿಯನ್ನು ದೇಹದಲ್ಲಿ ಯಾವುದೋ ಒಂದು ಬರೆದಿಡುತ್ತಿರಬೇಕು. ಈ ಬಾಕಿಯೇ ನಿದ್ರೆಯ ಒತ್ತಡ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಮೀಸೆನ್‌ಬೋಕ್ ಹುಡುಕುತ್ತಿರುವುದು ಅದನ್ನು ಬರೆದಿಡುವ ಜಾಗವನ್ನೇ.

ಓದುವಾಗ ಇದನ್ನು ಜೈವಿಕ ಗಡಿಯಾರದ ಜೊತೆ ಬೆರೆಸಿಕೊಳ್ಳಬೇಡಿ. ಗಡಿಯಾರ ಹೇಳುವುದು ಯಾವ ಹೊತ್ತಿಗೆ ಮಲಗಬೇಕೆಂದು. ಅದರ ಮೊದಲ ಜೀನ್ ಸಿಕ್ಕಿದ್ದೂ ಹಣ್ಣುನೊಣದಲ್ಲೇ, 1971ರಲ್ಲಿ. ಆ ದಾರಿಯ ಸಂಶೋಧನೆಗೆ 2017ರಲ್ಲಿ ನೊಬೆಲ್ ಬಂತು. ಎಷ್ಟು ನಿದ್ರೆ ಬಾಕಿ ಇದೆ ಎಂಬುದು ಬೇರೆಯೇ ವ್ಯವಸ್ಥೆಯ ಕೆಲಸ.

ನೊಣದ ಮೆದುಳಿನ ನಡುಭಾಗದಲ್ಲಿ ಬೀಸಣಿಗೆಯಾಕಾರದ ಒಂದು ರಚನೆಯಿದೆ. ಅದರ ಮೇಲ್ಪದರಕ್ಕೆ ಚಾಚಿಕೊಂಡ ಸುಮಾರು ಎರಡು ಡಜನ್ ನರಕೋಶಗಳು ಮಿಡಿದರೆ ನೊಣ ಮಲಗುತ್ತದೆ. 2016ರಲ್ಲಿ ಮೀಸೆನ್‌ಬೋಕ್ ತಂಡ ತೋರಿಸಿದ್ದು ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕದ ಪಾತ್ರವನ್ನು: ಡೋಪಮಿನ್ ಬಂದಾಗ ಸ್ಯಾಂಡ್‌ಮ್ಯಾನ್ ಎಂಬ ಪೊಟ್ಯಾಸಿಯಂ ಚಾನೆಲ್ (ಪೊಟ್ಯಾಸಿಯಂ ಹಾದುಹೋಗುವ ಪ್ರೋಟೀನ್ ಬಾಗಿಲು) ಕೋಶದ ಪೊರೆಗೆ ಸೇರುತ್ತದೆ, ಪೊಟ್ಯಾಸಿಯಂ ಸೋರತೊಡಗುತ್ತದೆ, ಕೋಶ ಮೌನವಾಗುತ್ತದೆ, ನೊಣ ಎಚ್ಚರವಾಗಿರುತ್ತದೆ.

ಇಲ್ಲೊಂದು ತಕರಾರಿದೆ. ಈ ಕೋಶಗಳನ್ನು ಗುರುತಿಸಲು ಬಹಳ ಪ್ರಯೋಗಾಲಯಗಳು ಬಳಸುವ ತಳಿ (ಆಯ್ದ ಕೋಶಗಳನ್ನಷ್ಟೇ ಗುರುತಿಸಲು ಜೀನ್ ತಿದ್ದಿದ ನೊಣಗಳು) ನೊಣದ ಎದೆಭಾಗದ ನರಹುರಿಯ ಕೆಲವು ಕೋಶಗಳನ್ನೂ ಒಳಗೊಳ್ಳುತ್ತದೆ. ನಿದ್ರೆ ತರಿಸುವುದು ಆ ಕೋಶಗಳೇ ಎಂದು 2023ರಲ್ಲಿ ಬೇರೆ ತಂಡ ವಾದಿಸಿತು. ಹಾಗಾಗಿ ಯಾವ ಪ್ರಬಂಧ ಓದಿದರೂ ಯಾವ ತಳಿ ಬಳಸಿದ್ದಾರೆ ಎಂದು ಮೊದಲು ನೋಡಿ.

ನನಗೆ ಅತ್ಯಂತ ಮಹತ್ವದ್ದೆನಿಸುವುದು ಮೀಸೆನ್‌ಬೋಕ್ ತಂಡದ 2019ರ ಕೆಲಸ. ಶೇಕರ್ ಎಂಬ ಇನ್ನೊಂದು ಪೊಟ್ಯಾಸಿಯಂ ಚಾನೆಲ್ ಕೆಟ್ಟರೆ ನೊಣದ ನಿದ್ರೆ ಮೂರನೇ ಒಂದಕ್ಕೆ ಇಳಿಯುತ್ತದೆ ಎಂಬುದು 2005ರಿಂದಲೇ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. ಈ ನಿದ್ರಾಕೋಶಗಳಲ್ಲಿ ಶೇಕರ್‌ಗೆ ಅಂಟಿಕೊಂಡು ಹೈಪರ್‌ಕೈನೆಟಿಕ್ ಎಂಬ ಪ್ರೋಟೀನ್ ಇದೆ, ಅದರ ಮಡಿಲಲ್ಲಿ ಎಲೆಕ್ಟ್ರಾನ್‌ಗಳನ್ನು ಹೊತ್ತ ಎನ್‌ಎಡಿಪಿಎಚ್ ಅಣು ಕೂತಿರುತ್ತದೆ. ನೊಣ ಎಚ್ಚರವಿದ್ದಷ್ಟೂ ಕೋಶದೊಳಗೆ ಉತ್ಕರ್ಷಣ (ಎಲೆಕ್ಟ್ರಾನ್‌ಗಳನ್ನು ಕಸಿದುಕೊಳ್ಳುವ ಕ್ರಿಯೆ) ಹೆಚ್ಚಿ ಈ ಅಣು ತನ್ನ ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳುತ್ತದೆ. ಆಗ ಶೇಕರ್ ಬೇಗ ಮುಚ್ಚಿಕೊಳ್ಳುವುದಿಲ್ಲ. ಪೊಟ್ಯಾಸಿಯಂ ಹೊರಹೋದರೆ ಕೋಶ ಮೌನವಾಗಬೇಕಲ್ಲವೇ ಎಂದು ಕೇಳಬಹುದು. ಸ್ಯಾಂಡ್‌ಮ್ಯಾನ್ ಸದಾ ಸೋರುವ ಚಾನೆಲ್. ಶೇಕರ್ ತೆರೆಯುವುದು ಕೋಶ ಮಿಡಿದಾಗ. ಪ್ರತಿ ಮಿಡಿತದ ಬೆನ್ನಿಗೇ ಕೋಶವನ್ನು ಮರಳಿ ಸಜ್ಜುಗೊಳಿಸಿ, ಮುಂದಿನ ಮಿಡಿತ ಬೇಗ ಬರುವಂತೆ ಮಾಡುತ್ತದೆ. ಕೋಶ ಹೆಚ್ಚು ಮಿಡಿದರೆ ನೊಣ ಮಲಗುತ್ತದೆ. ಬಾಕಿ ಬರೆದಿಡುವ ಜಾಗ ಇದೇ ಎಂಬುದು ತಂಡದ ವಾದ.

ಆ ಉತ್ಕರ್ಷಣ ಎಲ್ಲಿಂದ ಬರುತ್ತದೆ? ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾದಿಂದ. ದಣಿವೆಂದರೆ ಶಕ್ತಿಯ ಕೊರತೆ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಎಚ್ಚರದಲ್ಲಿ ಈ ನಿದ್ರಾಕೋಶಗಳು ಮೌನವಾಗಿರುವುದರಿಂದ ಅವುಗಳಿಗೆ ಎಟಿಪಿ, ಅಂದರೆ ಕೋಶದ ಶಕ್ತಿಯ ಅಣು, ಹೆಚ್ಚು ಬೇಕಾಗುವುದಿಲ್ಲ. ಆದರೆ ಆಹಾರದಿಂದ ಎಲೆಕ್ಟ್ರಾನ್‌ಗಳು ಬರುತ್ತಲೇ ಇರುತ್ತವೆ. ತೂಬು ಮುಚ್ಚಿದ ಕೆರೆಗೆ ನೀರು ಹರಿದುಬಂದು ಕೋಡಿ ಬೀಳುವ ಹಾಗೆ, ಹೆಚ್ಚಾದ ಎಲೆಕ್ಟ್ರಾನ್‌ಗಳು ದಾರಿ ಬಿಟ್ಟು ಆಮ್ಲಜನಕಕ್ಕೆ ಅಂಟಿ ಹಾನಿಕರ ಅಣುಗಳಾಗುತ್ತವೆ.

2025ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ನಿದ್ರೆಗೆಟ್ಟ ನೊಣಗಳ ಈ ಕೋಶಗಳಲ್ಲಿ ಮೈಟೊಕಾಂಡ್ರಿಯಾ ತುಂಡುತುಂಡಾಗಿದ್ದವು, ಎಟಿಪಿ ಮಟ್ಟ ಏರಿತ್ತು. ಹೆಚ್ಚುವರಿ ಎಲೆಕ್ಟ್ರಾನ್‌ಗಳಿಗೆ ಬೇರೆ ದಾರಿ ಮಾಡಿಕೊಟ್ಟರೆ ನಿದ್ರೆಯ ಅಗತ್ಯ ತಗ್ಗಿತು. ಕೊನೆಯ ಪ್ರಯೋಗ ಇನ್ನೂ ಚೆಂದ. ಬೆಳಕು ಬಿದ್ದರೆ ಪ್ರೋಟಾನ್ ಪಂಪ್ ಮಾಡುವ ಪ್ರೋಟೀನೊಂದನ್ನು ಈ ಕೋಶಗಳ ಮೈಟೊಕಾಂಡ್ರಿಯಾದಲ್ಲಿ ಇರಿಸಿದರು. ಬೆಳಕಿನ ಬಲದಿಂದಲೇ ಎಟಿಪಿ ತಯಾರಾಗುವುದರಿಂದ ಎಲೆಕ್ಟ್ರಾನ್‌ಗಳಿಗೆ ಕೆಲಸವಿಲ್ಲದೆ ಅವು ಇನ್ನಷ್ಟು ಕೂಡಿಕೊಳ್ಳಬೇಕು, ನಿದ್ರೆ ಬರಬೇಕು ಎಂಬುದು ಲೆಕ್ಕಾಚಾರ. ಬೆಳಕು ಹಾಯಿಸಿದಾಗ ನೊಣಗಳು ಮಲಗಿದವು.